ತಿರುವನಂತಪುರದ ಮುಚ್ಚಿದ ಬಾಗಿಲು, ಬೆಂಗಳೂರಿನ ತೆರೆದ ಬಾಗಿಲು: ಡಾ. ಪಲ್ಪು ಅವರ ಜೀವನಗಾಥೆ

ಗುರಿ ಉನ್ನತವಾಗಿರಬೇಕು, ಮನಸ್ಸು ಸದಾ ಆಶಾವಾದದಿಂದ ಕೂಡಿರಬೇಕು, ಆಗ ಯಶಸ್ಸು ತಾನಾಗಿ ಒಲಿದು ಬರುತ್ತದೆ ಎಂಬ ಉಪದೇಶವನ್ನು ನಾವೆಲ್ಲರೂ ನಮ್ಮ ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಊರು ಬಿಟ್ಟು ಬಂದು ಮಹಾನಗರಗಳಲ್ಲಿ ನೆಲೆಸಿದ ನಮಗೆ ಈ ಮಾತಿನಲ್ಲಿ ವಿಶೇಷ ನಂಬಿಕೆಯೂ ಉಂಟು. ಆದರೆ ಗುರಿಯೂ ಇದ್ದು, ಅರ್ಹತೆಯೂ ಇದ್ದು, ಪರೀಕ್ಷೆಯಲ್ಲಿ ಉತ್ತೀರ್ಣನೂ ಆದ ಮೇಲೆ, ಹುಟ್ಟಿದ ಜಾತಿಯ ಕಾರಣಕ್ಕೆ ಬಾಗಿಲನ್ನು ಮುಚ್ಚಿದರೆ ಆ ಆಶಾವಾದ ಏನು ಮಾಡಬೇಕು? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಡಾ. ಪಿ. ಪಲ್ಪು. ಕೇರಳದ ಮನೆಮನೆಯಲ್ಲಿ ಪರಿಚಿತವಾದ ಈ ಹೆಸರು, ಅವರು ತಮ್ಮ ಸೇವಾಜೀವನದ ಬಹುಭಾಗವನ್ನು ಕಳೆದ ಕನ್ನಡ ನಾಡಿನಲ್ಲಿ ಮರೆತೇಹೋಗಿದೆ.

ಪಲ್ಪು ಅವರು 1863ರ ನವೆಂಬರ್ 2ರಂದು ತಿರುವನಂತಪುರದ ಪೇಟ್ಟ ಎಂಬ ಬಡಾವಣೆಯಲ್ಲಿ ಜನಿಸಿದರು. ಅವರದು ಈಳವ ಸಮುದಾಯ. ತೆಂಗಿನ ಕೃಷಿ, ನಾರಿನ ಕೆಲಸ, ಶೇಂದಿ ಇಳಿಸುವುದು, ಆಯುರ್ವೇದ ವೈದ್ಯ ಮುಂತಾದ ವೃತ್ತಿಗಳಲ್ಲಿದ್ದ ಈ ಸಮುದಾಯವು ತಿರುವಾಂಕೂರಿನಲ್ಲಿ ಜನಸಂಖ್ಯೆಯಿಂದ ದೊಡ್ಡದು, ಸ್ಥಾನಮಾನದಿಂದ ಬಹಳ ಕೆಳಗಿನದು. ದೇವಾಲಯಗಳಿಗೆ ಪ್ರವೇಶವಿರಲಿಲ್ಲ, ದೇವಾಲಯದ ಸುತ್ತಲಿನ ಬೀದಿಗಳಲ್ಲಿ ನಡೆಯುವಂತಿರಲಿಲ್ಲ, ಹೆಚ್ಚಿನ ಸರ್ಕಾರಿ ಶಾಲೆಗಳ ಮೆಟ್ಟಿಲು ಹತ್ತುವಂತಿರಲಿಲ್ಲ. ನಮ್ಮ ತುಳುನಾಡಿನ ಬಿಲ್ಲವ ಸಮುದಾಯದ ಹಿಂದಿನ ಪರಿಸ್ಥಿತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಬಡತನವಿದ್ದರೂ ಓದಿನ ಹಂಬಲವಿತ್ತು. ಫರ್ನಾಂಡಿಸ್ ಎಂಬ ಶಿಕ್ಷಕರು ಬಾಲಕನ ಬುದ್ಧಿಶಕ್ತಿಯನ್ನು ಕಂಡು ಇಂಗ್ಲಿಷ್ ಕಲಿಸಿದರು. ಅಣ್ಣ ವೇಲಾಯುಧನ್ ಆ ಸಮುದಾಯದ ಮೊದಲ ಪದವೀಧರರಲ್ಲಿ ಒಬ್ಬರಾದರು. ಆದರೆ ಬಿ.ಎ. ಪದವಿ ಹಿಡಿದು ನಿಂತ ಅವರಿಗೂ ತಿರುವಾಂಕೂರು ಸರ್ಕಾರ ಕೆಲಸ ಕೊಡಲಿಲ್ಲ. ಅವರು ನೆರೆಯ ಮದ್ರಾಸ್ ಪ್ರಾಂತ್ಯಕ್ಕೆ ಹೋಗಿ ಅಲ್ಲಿ ಡೆಪ್ಯುಟಿ ಕಲೆಕ್ಟರ್ ಹುದ್ದೆಗೇರಿದರು. ತಮ್ಮ ರಾಜ್ಯಕ್ಕೆ ಗುಮಾಸ್ತನಾಗಿಯೂ ಬೇಡವಾದವನು ನೆರೆಯ ಸರ್ಕಾರಕ್ಕೆ ಅಧಿಕಾರಿಯಾಗಿ ಬೇಕಾದನು! ಮುಂದೆ ತಮ್ಮನ ಬಾಳಿನಲ್ಲಿಯೂ ನಡೆದದ್ದು ಇದೇ.

1884ರಲ್ಲಿ ತಿರುವಾಂಕೂರು ಸರ್ಕಾರ ವೈದ್ಯಕೀಯ ಶಿಕ್ಷಣಕ್ಕಾಗಿ ನಡೆಸಿದ ಪರೀಕ್ಷೆಯಲ್ಲಿ ಪಲ್ಪು ಮೇಲಿನ ಸ್ಥಾನಗಳಲ್ಲಿಯೇ ಉತ್ತೀರ್ಣರಾದರು. ಆದರೂ ಪ್ರವೇಶ ಸಿಗಲಿಲ್ಲ. ಜಾತಿಯೇ ಕಾರಣವೆಂಬುದು ಎಲ್ಲರಿಗೂ ತಿಳಿದ ವಿಷಯವಾಗಿತ್ತು. ತಾಯಿ ಒಡವೆ ಮಾರಿ ಹಣ ಹೊಂದಿಸಿಕೊಟ್ಟರೆಂದು ಹೇಳುತ್ತಾರೆ. ಮರುವರ್ಷ ಅವರು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿ, ಹಲವು ಕಷ್ಟಗಳ ನಡುವೆ ಎಲ್.ಎಂ.ಎಸ್. ಪದವಿ ಪಡೆದರು. ಈಗಲಾದರೂ ತಾಯ್ನಾಡಿಗೆ ತಮ್ಮಿಂದ ಉಪಯೋಗವಾಗಬಹುದೆಂದು ನಂಬಿ ತಿರುವನಂತಪುರಕ್ಕೆ ಅರ್ಜಿ ಹಾಕಿದರು. ಅಲ್ಲಿ ಅರ್ಹ ವೈದ್ಯರ ಅಗತ್ಯವಿರಲಿಲ್ಲವೆಂದಲ್ಲ, ಆದರೆ ಈಳವ ವೈದ್ಯನು ಮೇಲುಜಾತಿಯ ರೋಗಿಯ ನಾಡಿ ಹಿಡಿಯುವ ಕಲ್ಪನೆಯನ್ನೇ ಆ ವ್ಯವಸ್ಥೆ ಸಹಿಸುವಂತಿರಲಿಲ್ಲ. ಎರಡನೆಯ ಬಾರಿಯೂ ಬಾಗಿಲು ಮುಚ್ಚಿತು.

ಮದ್ರಾಸಿನಲ್ಲಿ ಸ್ವಲ್ಪ ಕಾಲ ಲಸಿಕಾ ವಿಭಾಗದಲ್ಲಿ ದುಡಿದ ಬಳಿಕ 1891ರಲ್ಲಿ ಪಲ್ಪು ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಚಾಮರಾಜೇಂದ್ರ ಒಡೆಯರ್ ಅರಸರಾಗಿದ್ದ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲವದು. ಶೇಷಾದ್ರಿ ಅಯ್ಯರ್ ಅವರೂ ಪಾಲಕ್ಕಾಡಿನ ಮೂಲದವರೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಸಿಡುಬಿನ ಲಸಿಕೆಯನ್ನು ಕರುಗಳ ಚರ್ಮದಿಂದ ತೆಗೆದು ಶುದ್ಧೀಕರಿಸಿ ಊರೂರಿಗೆ ಕಳುಹಿಸುವ ಸೂಕ್ಷ್ಮವಾದ ಕಾರ್ಯದಲ್ಲಿ ಅವರು ಬೆಂಗಳೂರಿನಲ್ಲಿ ತೊಡಗಿದರು. ತಿಂಗಳಿಗೆ ನೂರು ರೂಪಾಯಿಯ ಸಂಬಳ. ಅಂದಿನ ಲೆಕ್ಕದಲ್ಲಿ ಅದು ನೆಮ್ಮದಿಯ ಬದುಕು. ಸಾಮಾನ್ಯವಾದ ಯಶೋಗಾಥೆಯಾಗಿದ್ದರೆ ಇಲ್ಲಿಗೆ ಮುಗಿಯಬಹುದಿತ್ತು: ಅವಮಾನಿತನಾದ ಹುಡುಗ ಪರನಾಡಿಗೆ ಹೋಗಿ ಗೌರವಾನ್ವಿತ ಅಧಿಕಾರಿಯಾದ, ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ. ಊರಿನ ನೆನಪು ಕಹಿಯಾಗಿದ್ದರೆ ಅತ್ತ ಮುಖ ಹಾಕದಿರುವುದೇ ಸುಖವೆಂದು ನಮ್ಮಲ್ಲಿ ಹಲವರು ಬಾಳಿದ್ದೇವೆ, ಅದರಲ್ಲಿ ತಪ್ಪೇನೂ ಇಲ್ಲ.

ಪಲ್ಪು ಅವರಿಗೆ ಅದು ಸಾಧ್ಯವಾಗಲಿಲ್ಲ. ತಿರುವಾಂಕೂರಿನವರಿಗೇ ತಿರುವಾಂಕೂರಿನ ಹುದ್ದೆಗಳಲ್ಲಿ ಆದ್ಯತೆ ದೊರೆಯಬೇಕೆಂದು ಕೋರಿ 1891ರಲ್ಲಿ ಮಹಾರಾಜ ಶ್ರೀಮೂಲಂ ತಿರುನಾಳರಿಗೆ ಸಲ್ಲಿಸಿದ ಮಲಯಾಳಿ ಮೆಮೋರಿಯಲ್ ಎಂಬ ಮನವಿಗೆ ಅವರು ಮುಂಚೂಣಿಯಲ್ಲಿ ಸಹಿ ಹಾಕಿದ್ದರು. ಹತ್ತು ಸಾವಿರಕ್ಕೂ ಹೆಚ್ಚು ಸಹಿಗಳಿದ್ದ ಆ ಮನವಿಯಲ್ಲಿ ಎಲ್ಲ ಜಾತಿಮತಗಳವರೂ ಇದ್ದರು. ಅದರಿಂದ ಕೆಲವರಿಗೆ ಅನುಕೂಲವಾಯಿತು, ಈಳವರಿಗೆ ಏನೂ ಆಗಲಿಲ್ಲ. ಈಳವರು ತಮ್ಮ ಕುಲಕಸುಬುಗಳಲ್ಲಿಯೇ ತೃಪ್ತರಾಗಿದ್ದಾರೆ, ಸರ್ಕಾರಿ ನೌಕರಿಗೆ ತಕ್ಕ ವಿದ್ಯೆ ಅವರಲ್ಲಿಲ್ಲ ಎಂಬರ್ಥದ ಉತ್ತರ ದೊರೆಯಿತು. ಬಿ.ಎ. ಓದಿದ ಅಣ್ಣನೂ, ವೈದ್ಯನಾದ ತಮ್ಮನೂ ಹೊರಗೆ ದುಡಿಯುತ್ತಿದ್ದಾಗ ಬಂದ ಉತ್ತರವಿದು.

ಆಗ ಪಲ್ಪು ಹಿಡಿದ ದಾರಿ ಗಮನಾರ್ಹವಾದುದು. ಅವರು ಕೂಗಾಡಲಿಲ್ಲ, ಲೆಕ್ಕ ಕೊಟ್ಟರು. ತಿಂಗಳಿಗೆ ಐದು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳದ ಒಂದು ಸರ್ಕಾರಿ ಹುದ್ದೆಯಲ್ಲಿಯೂ ಈಳವನಿಲ್ಲವೆಂಬುದನ್ನು ಎತ್ತಿ ತೋರಿಸಿದರು. ಮತಾಂತರಗೊಂಡ ಮರುದಿನವೇ ಅದೇ ಮನುಷ್ಯನಿಗೆ ಬೀದಿಯೂ ಶಾಲೆಯೂ ಮುಕ್ತವಾಗುವುದಾದರೆ, ತನ್ನ ಧರ್ಮದಲ್ಲಿ ಉಳಿದ ತಪ್ಪಿಗೆ ಶಿಕ್ಷೆಯೇ ಎಂದು ವಿನಯದಿಂದ ಕೇಳಿದರು. ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ ಜನರನ್ನು ಕಂಡರು. ಹೀಗೆ 1896ರ ಸೆಪ್ಟೆಂಬರ್ 3ರಂದು 13,176 ಮಂದಿಯ ಸಹಿಯುಳ್ಳ ಈಳವ ಮೆಮೋರಿಯಲ್ ಮಹಾರಾಜರಿಗೆ ಸಲ್ಲಿಕೆಯಾಯಿತು. ಅಕ್ಷರ ಬಲ್ಲವರೇ ವಿರಳವಾಗಿದ್ದ, ಸಹಿ ಹಾಕಿದರೆ ಜಮೀನುದಾರನ ಕೋಪಕ್ಕೆ ಗುರಿಯಾಗಬಹುದಾಗಿದ್ದ ಕಾಲದಲ್ಲಿ ಅಷ್ಟು ಸಹಿ ಕೂಡಿಸುವುದು ಎಂಥ ಕೆಲಸವೆಂಬುದನ್ನು, ಸಂಘದ ಒಂದು ಮನವಿಗೆ ನೂರು ಸಹಿ ಸಂಗ್ರಹಿಸಲು ಪರದಾಡಿದವರು ಊಹಿಸಬಲ್ಲರು. ಅರಮನೆಯಿಂದ ತೃಪ್ತಿಕರ ಉತ್ತರ ಬರಲಿಲ್ಲ. ತಿರುವನಂತಪುರದವರೇ ಆದ ಪತ್ರಿಕೋದ್ಯಮಿ ಜಿ.ಪಿ. ಪಿಳ್ಳೆ ಅವರು ಇಂಗ್ಲೆಂಡಿಗೆ ಹೋದಾಗ ಅವರ ಮೂಲಕ ವಿಷಯ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಸ್ತಾಪವಾಗುವಂತೆ ಮಾಡಿದರು. 1900ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅವರಿಗೆ ಇನ್ನೊಂದು ಮನವಿ ಹೋಯಿತು. ಇವುಗಳ ಖರ್ಚಿಗೆ ತಮ್ಮ ಮೈಸೂರಿನ ಸಂಬಳದಿಂದಲೂ ಹಣ ತೆತ್ತರು.

ಈ ನಡುವೆ 1892ರಲ್ಲಿ ನಡೆದ ಒಂದು ಭೇಟಿಯನ್ನು ಹೇಳಲೇಬೇಕು. ಇನ್ನೂ ಜಗತ್ಪ್ರಸಿದ್ಧರಾಗಿರದ ಸ್ವಾಮಿ ವಿವೇಕಾನಂದರು ಪರಿವ್ರಾಜಕರಾಗಿ ಬೆಂಗಳೂರಿಗೆ ಬಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದರು. ತರುಣ ವೈದ್ಯ ಪಲ್ಪು ಅವರನ್ನು ಕಂಡು ತಮ್ಮ ನಾಡಿನ ಸ್ಥಿತಿಯನ್ನು ವಿವರಿಸಿದರು. ಇಂಗ್ಲಿಷ್ ಬಲ್ಲ ಕೆಲವರ ಮನವಿಪತ್ರಗಳಿಂದ ಕಾರ್ಯ ಸಾಗದು, ಜನರ ಹೃದಯವನ್ನು ಮುಟ್ಟಬಲ್ಲ, ಅವರೊಳಗಿನಿಂದಲೇ ಬಂದ ಆಧ್ಯಾತ್ಮಿಕ ನಾಯಕನೊಬ್ಬನನ್ನು ಮುಂದಿಟ್ಟುಕೊಳ್ಳಬೇಕು ಎಂಬ ಸಲಹೆ ಅವರಿಂದ ದೊರೆಯಿತು. ಬಳಿಕ ವಿವೇಕಾನಂದರು ಕೊಚ್ಚಿ ಸಂಸ್ಥಾನದತ್ತ ಪ್ರಯಾಣ ಬೆಳೆಸಿದರು. ತ್ರಿಶ್ಶೂರು, ಕೊಡುಂಗಲ್ಲೂರುಗಳನ್ನು ಹಾದು ಎರ್ನಾಕುಲಂ ತಲುಪಿದರು, ಅಲ್ಲಿ ಚಟ್ಟಂಬಿ ಸ್ವಾಮಿಗಳನ್ನು ಕಂಡರು. ಎರ್ನಾಕುಲಂಗೆ ರೈಲು ಬಂದದ್ದು 1902ರಲ್ಲಿ. ಹೀಗಾಗಿ ಅಲ್ಲಿಂದ ತಿರುವನಂತಪುರಕ್ಕೆ ರೈಲಿನ ಅನುಕೂಲವಿರಲಿಲ್ಲ. ಕೊಚ್ಚಿ ಸರ್ಕಾರದ ಒಬ್ಬ ಮುಸಲ್ಮಾನ ಜವಾನನನ್ನು ಮಾತ್ರ ಜೊತೆಗಿರಿಸಿಕೊಂಡು ಸ್ವಾಮಿಗಳು ಆ ದೂರವನ್ನು ಕ್ರಮಿಸಿದರು. ಡಿಸೆಂಬರ್ ತಿಂಗಳಲ್ಲಿ ತಿರುವನಂತಪುರದ ಪ್ರೊಫೆಸರ್ ಸುಂದರರಾಮ ಅಯ್ಯರ್ ಅವರ ಮನೆ ತಲುಪಿದಾಗ ಅವರು ಮೊದಲು ವಿಚಾರಿಸಿದ್ದು ಆ ಜವಾನನ ಊಟವನ್ನು. ಬೆಂಗಳೂರಿನಲ್ಲಿ ಪಲ್ಪು ಬಾಯಿಂದ ಕೇಳಿದ್ದನ್ನು ಆ ಪ್ರಯಾಣದಲ್ಲಿ ಅವರು ಕಣ್ಣಾರೆ ಕಂಡರು. ಕೇರಳದ ಜಾತಿಪದ್ಧತಿಯ ಬಗ್ಗೆ ಅವರು ಮುಂದೆ ಆಡಿದ ಕಟುನುಡಿ ಇಂದಿಗೂ ಪ್ರಸಿದ್ಧ.

ಪಲ್ಪು ಹುಡುಕಿದ ನಾಯಕ ತಿರುವನಂತಪುರದ ಸಮೀಪದಲ್ಲಿಯೇ ಇದ್ದರು. 1888ರಲ್ಲಿ ಅರುವಿಪ್ಪುರಂ ನದೀತೀರದಲ್ಲಿ ಶಿವಪ್ರತಿಷ್ಠೆ ಮಾಡಿದ್ದ ನಾರಾಯಣ ಗುರುಗಳೇ ಅವರು. 1895ರಲ್ಲಿ ಗುರುಗಳು ಬೆಂಗಳೂರಿಗೆ ಪಲ್ಪು ಅವರ ಮನೆಗೆ ಬಂದರು. ಅವರ ಜೊತೆಗೆ ಬಂದಿದ್ದ ಇಪ್ಪತ್ತೆರಡರ ಹರೆಯದ ಶಿಷ್ಯನನ್ನು ಓದಿಸುವ ಹೊಣೆ ಪಲ್ಪು ದಂಪತಿಗಳದಾಯಿತು. ಮನೆಯಲ್ಲಿ ಎಲ್ಲರೂ ಆತನನ್ನು ಚಿನ್ನಸ್ವಾಮಿ ಎಂದು ಕರೆಯತೊಡಗಿದರು. ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಆತ ನ್ಯಾಯಶಾಸ್ತ್ರದ ವ್ಯಾಸಂಗ ಮಾಡಿದ. ಪ್ಲೇಗು ಬಂದು ಊರು ಬಿಡಬೇಕಾದಾಗ ಮದ್ರಾಸಿಗೂ ಅಲ್ಲಿಂದ ಕಲ್ಕತ್ತೆಗೂ ಹೋಗಿ ಓದು ಮುಂದುವರಿಸಿದ, ಖರ್ಚು ಪಲ್ಪು ಅವರದೇ. 1907ರಲ್ಲಿ ಪ್ರಕಟವಾದ ವೀಣ ಪೂವು ಎಂಬ ಕಾವ್ಯದಿಂದ ಮಲಯಾಳ ಕಾವ್ಯದ ದಿಕ್ಕನ್ನೇ ತಿರುಗಿಸಿದ ಮಹಾಕವಿ ಕುಮಾರನ್ ಆಶಾನ್ ಎಂದರೆ ಈ ಚಿನ್ನಸ್ವಾಮಿಯೇ. ಮಲಯಾಳದ ಆಧುನಿಕ ಮಹಾಕವಿಯೊಬ್ಬರು ನಮ್ಮ ಬೆಂಗಳೂರಿನ ಅನ್ನ ಉಂಡು, ನಮ್ಮ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತರೆಂಬುದನ್ನು ಕನ್ನಡಿಗರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಇನ್ನು ಪ್ಲೇಗಿನ ಮಾತು. 1898ರ ಆಗಸ್ಟ್‌ನಲ್ಲಿ ರೈಲು ಮಾರ್ಗವಾಗಿ ಬೆಂಗಳೂರನ್ನು ಹೊಕ್ಕ ಮಹಾಮಾರಿ ಕೆಲವೇ ವಾರಗಳಲ್ಲಿ ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಆವರಿಸಿತು. ಸೂಕ್ಷ್ಮಾಣುವನ್ನು 1894ರಲ್ಲಿಯೇ ಗುರುತಿಸಿದ್ದರೂ, ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬುದನ್ನು ವೈದ್ಯಲೋಕ ಇನ್ನೂ ಒಪ್ಪಿರಲಿಲ್ಲ. ರೋಗಿಯ ಹಾಸಿಗೆಯ ಬಳಿ ನಿಲ್ಲುವ ವೈದ್ಯನಿಗೆ ಮೃತ್ಯು ಯಾವ ದಿಕ್ಕಿನಿಂದ ಬರುತ್ತದೆಂಬುದೇ ತಿಳಿಯದು. ಊರಿನ ಹೊರಗೆ ಶಿಬಿರಗಳು ಎದ್ದವು. ಸತ್ತ ಇಲಿ ಕಂಡ ಮನೆಯವರನ್ನು ಬಲವಂತವಾಗಿ ಹೊರಕ್ಕೆ ಸಾಗಿಸಲಾಯಿತು, ಮನೆಗಳ ಹೆಂಚು ತೆಗೆದು ಬಿಸಿಲು ಬೀಳುವಂತೆ ಮಾಡಲಾಯಿತು. ಜನರು ರೋಗಕ್ಕೆ ಹೆದರಿದಷ್ಟೇ ಸೂಜಿಗೂ ಶಿಬಿರಕ್ಕೂ ಹೆದರಿ ರೋಗಿಗಳನ್ನು ಬಚ್ಚಿಟ್ಟರು, ಪ್ಲೇಗಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತರು. ಅನುಕೂಲಸ್ಥರು ಊರನ್ನು ತೊರೆದರು, ಅಧಿಕಾರಿಗಳಲ್ಲಿಯೂ ರಜೆ ಹಾಕಿದವರುಂಟು.

ಆ ದಿನಗಳಲ್ಲಿ ಪ್ಲೇಗು ಶಿಬಿರದ ಮೇಲ್ವಿಚಾರಣೆ ವಹಿಸಿ ನಿಂತವರಲ್ಲಿ ಪಲ್ಪು ಒಬ್ಬರು. ಬದುಕಿ ಬರುವ ಭರವಸೆಯಿಲ್ಲದೆ ಮರಣಶಾಸನವನ್ನು ಬರೆದಿಟ್ಟು ಕೆಲಸಕ್ಕೆ ಹೋದರೆಂಬ ಪ್ರತೀತಿಯಿದೆ. ಹುಟ್ಟೂರಿನಲ್ಲಿ ಯಾರನ್ನು ಮುಟ್ಟಬಾರದೆಂದು ವಿಧಿಸಲಾಗಿತ್ತೋ ಅವರ ಕೈಗಳು ಇಲ್ಲಿ, ಸ್ವಂತ ಬಂಧುಗಳೇ ಮುಟ್ಟಲು ಅಂಜುತ್ತಿದ್ದ ರೋಗಿಗಳನ್ನು ಎತ್ತಿ ಉಪಚರಿಸಿದವು. ಮೈಸೂರು ಸರ್ಕಾರ ಅವರನ್ನು ಉನ್ನತ ವ್ಯಾಸಂಗಕ್ಕೆ ಯುರೋಪಿಗೆ ಕಳುಹಿಸಿತು, ಕೇಂಬ್ರಿಜ್‌ನಿಂದ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದು ಬಂದು ಅವರು ಬೆಂಗಳೂರು ನಗರದ ಆರೋಗ್ಯಾಧಿಕಾರಿಗಳಾದರು. ಪ್ಲೇಗಿನ ಪಾಠದಿಂದ ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ ಬೆಳಕಿನ ಬಡಾವಣೆಗಳು ರೂಪುಗೊಂಡ ಕಾಲವದು. ಚರಂಡಿ, ನೀರು, ಲಸಿಕೆ ಎಂದು ಹೋರಾಡಿದ ಅಂದಿನ ಆರೋಗ್ಯಾಧಿಕಾರಿಗಳ ಹೆಸರು ಆ ಬಡಾವಣೆಗಳ ಯಾವ ಅಡ್ಡರಸ್ತೆಯಲ್ಲಿ ಇದೆಯೆಂದು ಹುಡುಕಬೇಕು.

ಆದರೆ ಇದನ್ನು ಬರೆಯುವಾಗ ನಾವು ಮೈಸೂರಿನ ಬೆನ್ನು ತಟ್ಟಿಕೊಳ್ಳುವುದರಲ್ಲಿ ಸ್ವಲ್ಪ ಹಿಡಿತವಿರಿಸಿಕೊಳ್ಳುವುದು ಒಳಿತು. ಮೈಸೂರಿನ ಕಚೇರಿಗಳಲ್ಲಿಯೂ ಒಂದೇ ವರ್ಗದ ಪ್ರಾಬಲ್ಯವಿತ್ತು, ಇಲ್ಲಿನ ಹಿಂದುಳಿದ ಸಮುದಾಯಗಳೂ ತಮ್ಮ ಪಾಲಿಗಾಗಿ ಮನವಿ ಸಲ್ಲಿಸಬೇಕಾಯಿತು, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ನ್ಯಾಯಮೂರ್ತಿ ಮಿಲ್ಲರ್ ಅವರ ಸಮಿತಿ ನೇಮಿಸಿದ ಬಳಿಕವೇ ಸುಧಾರಣೆ ಆರಂಭವಾಯಿತು. ಪಲ್ಪು ಅವರಿಗೆ ಮೈಸೂರು ತೆರೆದದ್ದು ಒಬ್ಬ ಸಮರ್ಥ ವೈದ್ಯನ ಪಾಲಿನ ಬಾಗಿಲು ಮಾತ್ರ. ಆ ಒಂದು ಬಾಗಿಲಿನಿಂದ ಅವರು ಏನೆಲ್ಲ ಮಾಡಿದರು ಎಂಬುದೇ ಅವರ ಹಿರಿಮೆ.

1903ರ ಮೇ 15ರಂದು ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ನೋಂದಾವಣೆಯಾಯಿತು. ನಾರಾಯಣ ಗುರುಗಳು ಅಧ್ಯಕ್ಷರು, ಕುಮಾರನ್ ಆಶಾನ್ ಕಾರ್ಯದರ್ಶಿ, ಹಿಂದಿನ ಯೋಜನಾಶಕ್ತಿ ಪಲ್ಪು ಅವರದು. ಈ ಸಂಸ್ಥೆಯನ್ನು ಧಾರ್ಮಿಕ ಸಂಘವಾಗಿ ಮಾತ್ರ ಬಿಡದೆ ಕಂಪೆನಿ ಕಾನೂನಿನಡಿ ನೋಂದಾಯಿಸಿದ್ದರಲ್ಲಿ ದೂರದೃಷ್ಟಿ ಕಾಣುತ್ತದೆ. ದೇವಾಲಯದ ಪಕ್ಕದಲ್ಲಿ ಶಾಲೆ, ಶಾಲೆಯ ಪಕ್ಕದಲ್ಲಿ ಕೈಗಾರಿಕೆ ಇರಬೇಕೆಂಬುದು ಅವರ ವಿಚಾರ. 1905ರ ಜನವರಿಯಲ್ಲಿ ಕೊಲ್ಲಂನಲ್ಲಿ ಯೋಗದ ವಾರ್ಷಿಕ ಸಮಾವೇಶದೊಂದಿಗೆ ಕೃಷಿ ಮತ್ತು ಕೈಗಾರಿಕಾ ಪ್ರದರ್ಶನವನ್ನೂ ಏರ್ಪಡಿಸಿದರು. ಶೇಂದಿ ಇಳಿಸುವುದೊಂದೇ ತಮ್ಮ ಪಾಡು ಎಂದುಕೊಂಡಿದ್ದ ಜನ, ತಮ್ಮ ಕೈಯಿಂದಲೇ ನೇಯ್ದ ಬಟ್ಟೆಯನ್ನೂ ಹೊಸೆದ ನಾರನ್ನೂ ಪ್ರದರ್ಶನದ ಮೇಜಿನ ಮೇಲೆ ಕಂಡರು. ಅದೇ ವರ್ಷ ಆ ಪ್ರದೇಶದಲ್ಲಿ ಈಳವರ ಮೇಲೆ ಗಲಭೆಗಳೂ ನಡೆದವು, ಏಳಿಗೆಯನ್ನು ಸಹಿಸದವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಎಲ್ಲವೂ ಸುಗಮವಾಗಿಯೇನೂ ಸಾಗಲಿಲ್ಲ. 1916ರಲ್ಲಿ ನಾರಾಯಣ ಗುರುಗಳು ಯೋಗದಿಂದ ದೂರ ಸರಿದರು. ತಾವು ಕಟ್ಟಿದ ಸಂಸ್ಥೆಯಲ್ಲಿಯೇ ಜಾತ್ಯಭಿಮಾನ ಬೆಳೆಯುತ್ತಿದೆಯೆಂಬ ನೋವನ್ನು ಅವರು ತೋಡಿಕೊಂಡದ್ದು ಡಾಕ್ಟರ್ ಪಲ್ಪು ಅವರಿಗೆ ಬರೆದ ಪತ್ರದಲ್ಲಿ. ಮೇಲುಜಾತಿಯವರ ತಿರಸ್ಕಾರವನ್ನು ಮೂರು ದಶಕ ಎದುರಿಸಿದ ಮನುಷ್ಯನಿಗೆ ಈ ಪತ್ರ ಎಷ್ಟು ಭಾರವಾಗಿದ್ದಿರಬೇಕು! ಆಶಾನ್ 1924ರಲ್ಲಿ ದೋಣಿ ದುರಂತದಲ್ಲಿ ತೀರಿಹೋದರು, ಗುರುಗಳು 1928ರಲ್ಲಿ ಸಮಾಧಿಸ್ಥರಾದರು. ಮೂವರಲ್ಲಿ ಉಳಿದವರು ಪಲ್ಪು ಒಬ್ಬರೇ.

ಅಷ್ಟರಲ್ಲಿ ಕಾರ್ಯ ಇನ್ನೊಂದು ತಲೆಮಾರಿನ ಕೈಗೆ ದಾಟಿತ್ತು. ಕೊಚ್ಚಿ ಸಂಸ್ಥಾನದ ಚೆರಾಯಿ ಎಂಬ ಕಡಲಂಚಿನ ಊರಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ಪದವಿ ಪಡೆದ ಸಹೋದರನ್ ಅಯ್ಯಪ್ಪನ್ 1917ರಲ್ಲಿ ತಮ್ಮ ಊರಿನಲ್ಲಿ ಈಳವರನ್ನೂ, ಅವರಿಗಿಂತ ಕೆಳಗಿನವರೆನಿಸಿಕೊಂಡಿದ್ದ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಮಾಡಿಸಿದರು. ಸ್ವಂತ ಸಮುದಾಯದವರೇ ಬಹಿಷ್ಕರಿಸಿದರು. ಗುರುಗಳ ಪತ್ರದಲ್ಲಿದ್ದ ನೋವಿಗೆ ಒಂದು ರೀತಿಯ ಉತ್ತರ ಹೀಗೆ ಕೊಚ್ಚಿಯ ಕಡೆಯಿಂದ ಬಂದಿತು. 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜ ಚಿತ್ತಿರ ತಿರುನಾಳರು ಸರ್ಕಾರಿ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆದರು. ಕೊಚ್ಚಿಯಲ್ಲಿ ಅಂಥ ಘೋಷಣೆಗೆ ಇನ್ನೂ ಹತ್ತು ವರ್ಷಗಳಿಗೂ ಹೆಚ್ಚು ಕಾಯಬೇಕಾಯಿತು. ಆಗ ಪಲ್ಪು ಅವರಿಗೆ ಎಪ್ಪತ್ತಮೂರು. ನಿವೃತ್ತಿಯ ಬಳಿಕ ತಿರುವನಂತಪುರಕ್ಕೆ ಮರಳಿದ್ದ ಅವರು, ಬಾಲ್ಯದಲ್ಲಿ ತಮಗೆ ನಿಷಿದ್ಧವಾಗಿದ್ದ ಬೀದಿಗಳಲ್ಲಿ ಜನ ಸಾಗಿಹೋಗುವುದನ್ನು ಕಾಣುವಷ್ಟು ಕಾಲ ಬದುಕಿದ್ದರು.

1949ರ ಜುಲೈ 1ರಂದು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ಒಂದಾದವು. 1950ರ ಜನವರಿ 25ರಂದು ಡಾ. ಪಲ್ಪು ನಿಧನರಾದರು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ, ಸರ್ಕಾರಿ ಉದ್ಯೋಗದಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂದು ವಿಧಿಸಿದ ಭಾರತದ ಸಂವಿಧಾನವು ಜಾರಿಗೆ ಬಂದದ್ದು ಮರುದಿನ. ಮರುವರ್ಷ ಯೋಗದ ಹಿರಿಯ ನಾಯಕರಲ್ಲೊಬ್ಬರಾದ ಸಿ. ಕೇಶವನ್ ತಿರು-ಕೊಚ್ಚಿ ರಾಜ್ಯದ ಮುಖ್ಯಮಂತ್ರಿಯಾದರು.

1895ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರ ಮಗ ನಟರಾಜನ್, ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ನಾರಾಯಣ ಗುರುಗಳ ತತ್ತ್ವವನ್ನು ಪಶ್ಚಿಮಕ್ಕೆ ಪರಿಚಯಿಸಿದ ನಟರಾಜ ಗುರುಗಳಾಗಿ ಪ್ರಸಿದ್ಧರಾದರು. ಅವರು ಸ್ಥಾಪಿಸಿದ ನಾರಾಯಣ ಗುರುಕುಲದ ಒಂದು ಶಾಖೆ ಬೆಂಗಳೂರಿನ ಕನಕಪುರ ರಸ್ತೆಯ ಕಗ್ಗಲೀಪುರದ ಬಳಿ ಬೆಳೆಯಿತು. ಆ ದಾರಿಯಲ್ಲಿ ಹೋಗುವ ನಮ್ಮ ಓದುಗ ಬಂಧುಗಳು ಒಮ್ಮೆ ಪ್ಲೇಗಿನ ಕಾಲದ ಆ ಆರೋಗ್ಯಾಧಿಕಾರಿಯನ್ನು ನೆನೆಯಲಿ ಎಂದು ಕೋರುತ್ತೇವೆ.